ಮುನಿಸಾಮಣ್ಣ ಬರೆದುಕೊಟ್ಟ ಬಿಸಿನೀರು

ಬಂತು! ಸರ್ಕಾರದ ರಿಯಾಯಿತಿ ಬಂತು, ಹೊಸ ಯಂತ್ರ ಬಂತು, ಇವತ್ತು ಬೆಳಿಗ್ಗೆ ನಮ್ಮ ಬಚ್ಚಲಿನ ನಲ್ಲಿಯಲ್ಲಿ ಹಬೆಯಾಡುವ ನೀರೂ ಬಂತು. ಎಂಟು ದಿನದ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು, ಒಲೆಯ ಕಡೆಗೆ ಒಂದು ಸಲವೂ ಓಡದೆ, ಸಾಕು ಸಾಕು ಅನ್ನುವಷ್ಟು ನೀರು ಹೊಯ್ದೆ. ಅವನು ಮೊದಲು ಕಿರುಚಿದ, ಆಮೇಲೆ ಸುಮ್ಮನಾದ, ಆಮೇಲೆ ಅಲ್ಲೇ ನಿದ್ದೆ ಹೋದ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಷ್ಟು ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಆದರೆ ಈ ನೀರನ್ನು ನಮಗೆ ತಂದುಕೊಟ್ಟ ಮನುಷ್ಯನ ಬಗ್ಗೆ ನಾನು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ.

ಅವರ ಹೆಸರು ಮುನಿಸಾಮಿ. ಮಲೇಶಿಯಾದಲ್ಲಿ ನಾವಿರುವ ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಸಾಲುಮನೆಗಳ ಕೊನೆಯ ಮನೆ ಅವರದು. ಫ್ಯಾನು, ಹೀಟರು, ಏಸಿ ರಿಪೇರಿ ಅವರ ಕೆಲಸ. ಯಾವ ಯಂತ್ರವನ್ನೇ ಆಗಲಿ ಬಿಚ್ಚುವ ಮುಂಚೆ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು, ಮಕ್ಕಳಿಗೆ ಜ್ವರ ಬಂದಿದೆಯಾ ಅಂತ ನೋಡುವ ಹಾಗೆ. ಮುಟ್ಟಿ, ತಲೆಯಾಡಿಸಿ, "ಪಾಪ, ಸುಸ್ತಾಗೈತೆ" ಅನ್ನುವರು. ಅವರ ತಾತ ಕೋಲಾರದ ಕಡೆಯಿಂದ ಇಲ್ಲಿನ ರಬ್ಬರ್ ತೋಟಕ್ಕೆ ಬಂದವರಂತೆ. ತಾತನ ಕನ್ನಡ ಮೊಮ್ಮಗನ ಬಾಯಲ್ಲಿ ಹಾಗೇ ಉಳಿದಿತ್ತು, ಜೊತೆಗೆ ತಮಿಳೂ ಮಲಯವೂ, ಮಾತಿನ ಕೊನೆಗೆ ಇಲ್ಲಿಯವರೆಲ್ಲ ಸೇರಿಸುವ 'ಲಾ' ಕೂಡ ಅಂಟಿಕೊಂಡಿದ್ದವು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ಯಾರು ದೊಡ್ಡವರು ಅಂತ ಇಬ್ಬರೂ ಕೊನೆಯವರೆಗೆ ಕೇಳಿಕೊಳ್ಳಲಿಲ್ಲ.

ನನ್ನ ಮಗಳು ಸುಧಾ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಳಿಯ ರಘು ಇಲ್ಲೇ ಹುಟ್ಟಿ ಬೆಳೆದವನು. ಒಂಬತ್ತು ವರ್ಷದ ಹಿಂದೆ ಮೊಮ್ಮಗಳು ಅನು ಹುಟ್ಟಿದಾಗ ಬಾಣಂತನಕ್ಕೆಂದು ಬಂದ ನಾನು ಇಲ್ಲೇ ಉಳಿದೆ. ಆಗಲೂ ಬಚ್ಚಲಿನಲ್ಲಿ ಗೋಡೆಗೆ ಅಂಟಿಸಿದ ಒಂದು ಪುಟ್ಟ ಹೀಟರಿತ್ತು. ಮುನಿಸಾಮಣ್ಣನೇ ಹಾಕಿದ್ದು. ಕೈಕಾಲು ತೊಳೆಯಲು ಸಾಕು, ಬಾಣಂತಿಗೆ ಎರೆಯಲು ಎಲ್ಲಿ ಸಾಲುತ್ತದೆ? ಹಂಡೆ ನೀರು ಒಲೆಯ ಮೇಲೆ ಕಾಯಿಸಿ ಹೊತ್ತು ತರುವಾಗ ಒಂದು ದಿನ ಜಾರಿದೆ. ಆ ಸುಟ್ಟ ಕಲೆ ಇನ್ನೂ ನನ್ನ ಪಾದದ ಮೇಲಿದೆ. ಈ ಸಲ ಸುಧಾ ಮತ್ತೆ ಬಸುರಿ ಅಂದಾಗ ಮಂಡಿ ಹಿಡಿದುಕೊಂಡು ನಾನು ಯೋಚಿಸಿದ್ದು ಅದೊಂದೇ: ನೀರು ಹೊರುವವರು ಯಾರು?

ಮುನಿಸಾಮಣ್ಣನೇ ದಾರಿ ತೋರಿಸಿದರು. "ಹೀಟ್ ಪಂಪ್ ಅಂತ ಬಂದೈತೆ ಅಕ್ಕಾ. ಇದು ಕರೆಂಟಿನಿಂದ ಕಾಯ್ಸೋದಲ್ಲ. ಹೊರಗಿನ ಗಾಳಿನಾಗೆ ಇರೋ ಬಿಸೀನ ಹಿಡಿದು ನೀರಿಗೆ ಹಾಕ್ತದೆ. ನಮ್ಮ ಮಲೇಸಿಯಾದಾಗೆ ಬಿಸಿಗೇನು ಬರ ಲಾ? ಬೆವರಿದ್ದೆಲ್ಲಾ ಲಾಭ!" ಹಳೇ ಹೀಟರು ಕೊಟ್ಟು ಇದನ್ನು ಹಾಕಿಸಿಕೊಂಡರೆ ಸರ್ಕಾರ ರಿಯಾಯಿತಿ ಕೊಡುತ್ತದಂತೆ. ರಿಯಾಯಿತಿ ಇಲ್ಲದೆ ನಮಗೆ ಅದು ಎಟುಕುವ ವಸ್ತುವಲ್ಲ. "ಮಗು ಮನೆಗೆ ಬರೋ ಹೊತ್ತಿಗೆ ನೀರು ನಾನು ಕೊಡ್ತೀನಿ" ಅಂದರು. ನಾನು ಕೈ ಮುಗಿದೆ.

ಅರ್ಜಿಯ ಜೊತೆ ಹಳೇ ಹೀಟರಿನ ನಂಬರಿನ ಫೋಟೋ ಕಳಿಸಬೇಕಿತ್ತು. ಫೋನು ಹಿಡಿದು ಬಚ್ಚಲಿಗೆ ಹೋದ ರಘು ಅಲ್ಲಿಂದಲೇ ಕೂಗಿದ: "ಅತ್ತೆ, ಇದರ ಮೇಲೆ ಏನೂ ಇಲ್ವಲ್ಲ!"

ಎಲ್ಲಿಂದ ಇರುತ್ತದೆ? ಒಂಬತ್ತು ವರ್ಷವೂ ಆಯುಧಪೂಜೆಗೆ ನಂಬರು ಬರೆದಿದ್ದ ಆ ತಗಡಿನ ಪಟ್ಟಿಗೇ ಅರಿಶಿನ ಕುಂಕುಮ ಹಚ್ಚಿದ್ದೆ, ಮಾರನೇ ದಿನ ಸ್ಟೀಲ್ ನಾರಿನಿಂದ ಉಜ್ಜಿದ್ದೆ. ಅಕ್ಷರ ಹೋಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಮುಖ ಕಾಣಿಸುತ್ತಿತ್ತು, ನಂಬರಿಲ್ಲ.

ಮುನಿಸಾಮಣ್ಣ ಬಂದು ನೋಡಿ ಬಚ್ಚಲಿನ ಬಾಗಿಲು ಹಿಡಿದುಕೊಂಡು ನಕ್ಕರು. "ಏನಕ್ಕಾ, ಹೀಟರಿಗೆ ಮೋಕ್ಷಾನೇ ಕೊಟ್ಟುಬಿಟ್ಟಿದ್ದೀಯ! ಹೆಸರೂ ಇಲ್ಲ, ಊರೂ ಇಲ್ಲ!" ನನಗೆ ನಗು ಬರಲಿಲ್ಲ. ರಘು ಬೆಳಕು ಹಾಕಿ, ಓರೆ ಹಿಡಿದು, ಮೂರು ಸಲ ಫೋಟೋ ಕಳಿಸಿದ. ನಂಬರು ಕಾಣಿಸುತ್ತಿಲ್ಲ ಅಂತ ಮೂರು ಸಲವೂ ವಾಪಸು ಬಂತು. ಕೊಂಡ ರಸೀದಿ ಯಾವತ್ತೋ ಕಳೆದಿತ್ತು. ಸುಧಾ ಏಳು ತಿಂಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ವಾಪಸು ಬಂದ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಅವತ್ತು ನಾನೊಂದು ತಪ್ಪು ಮಾತಾಡಿದೆ. "ಅಣ್ಣಾ, ನಿಮ್ಮ ಮನೇಲೂ ಇದೇ ಹೀಟರ್ ಅಲ್ವಾ? ಅದರ ಫೋಟೋ ಕಳಿಸಿಬಿಡೋಣ. ಯಾರು ಬಂದು ನೋಡ್ತಾರೆ?"

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಆಗಕಿಲ್ಲ ಅಕ್ಕಾ."

"ಮಗೂಗೋಸ್ಕರ ಅಣ್ಣಾ."

"ಮಗೂಗೋಸ್ಕರಾನೇ ಬೇಡ ಅಂತಿರೋದು. ಹುಟ್ಟೋ ಮಗೀಗೆ ಮೊದಲ ನೀರು ಸುಳ್ಳಿಂದ ಹುಯ್ಯೋದಾ?" ಅಂದರು. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದರು. "ನಡೆದಿದ್ದನ್ನ ನಡೆದ ಹಂಗೇ ಬರೆದು ಕೊಡಾಣ. ಫಾರಂನಾಗೆ ಸತ್ಯಕ್ಕೂ ಎಲ್ಲೋ ಒಂದು ಜಾಗ ಇರ್ತದೆ ಲಾ."

ಮಾರನೇ ದಿನ ಪ್ರಮಾಣಪತ್ರ ಮಾಡಿಕೊಡುವವರ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. ಒಂದು ಮೇಜು, ಒಂದು ಮೊಹರು, ಕನ್ನಡಕ ಹಾಕಿದ ಒಬ್ಬ ಹೆಂಗಸು. ಈ ಹೀಟರನ್ನು ಈ ಮನೆಗೆ ಹಾಕಿದವನು ನಾನೇ ಅಂತ ಮುನಿಸಾಮಣ್ಣ ಬರೆಸಿದರು. ನಂಬರು ಹೇಗೆ ಅಳಿಸಿತು ಅಂತ ಆಕೆ ಕೇಳಿದಾಗ ನನ್ನ ಕಡೆ ತಿರುಗಿ, "ಹೇಳಕ್ಕಾ" ಅಂದರು. "ಪೂಜೆ ಮಾಡಿದೆ, ಆಮೇಲೆ ಉಜ್ಜಿದೆ" ಅಂದೆ. ಅವರು ಅದನ್ನೇ, ನ್ಯಾಯಾಧೀಶರ ಮುಂದೆ ನಿಂತವರ ಹಾಗೆ ಗಂಭೀರವಾಗಿ, ಮಲಯದಲ್ಲಿ ಹೇಳಿದರು. ಆಕೆ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಸ್ವಲ್ಪ ಹೊತ್ತು ಅಲುಗಾಡಿದರು, ಆಮೇಲೆ ಮೊಹರು ಒತ್ತಿದರು. ಮುನಿಸಾಮಣ್ಣನ ರುಜುವಿನ ಕೆಳಗೆ ನಾನೂ ಕನ್ನಡದಲ್ಲಿ ರುಜು ಹಾಕಿದೆ.

ಆ ಕಾಗದವನ್ನು ಫೋನಿನಲ್ಲಿ ಕಳಿಸಿದರೆ ಸಾಲದು ಅಂತ ಮುನಿಸಾಮಣ್ಣ ಒಂದು ದಿನದ ಕೆಲಸ ಬಿಟ್ಟು, ತಮ್ಮ ವ್ಯಾನಿನಲ್ಲಿ ಸರ್ಕಾರಿ ಕಚೇರಿಗಳಿರುವ ಪುತ್ರಜಯಾಕ್ಕೆ ಹೋಗಿ ಕೈಯಾರೆ ಕೊಟ್ಟು ಬಂದರು. ಕಾಯಿರಿ ಅಂದರಂತೆ. ಕಾದೆವು. ದಿನಾ ಬೆಳಿಗ್ಗೆ ಅವರ ಫೋನು: "ಬಂತಾ ಅಕ್ಕಾ?" "ಇಲ್ಲ ಅಣ್ಣಾ." "ಸರಿ ಲಾ, ನಾಳೆ ಕೇಳ್ತೀನಿ." ಸುಧಾಗೆ ತಿಂಗಳು ತುಂಬುತ್ತಾ ಬಂತು. ಯಾರನ್ನು ಕೇಳಬೇಕು, ಯಾರ ಕಾಲು ಹಿಡಿಯಬೇಕು? ಕಾಲು ಹಿಡಿಯೋಣ ಅಂದರೆ ಕಂಪ್ಯೂಟರಿಗೆ ಕಾಲೇ ಇಲ್ಲ. ಅಟ್ಟದ ಮೇಲಿದ್ದ ಹಂಡೆಯನ್ನು ಇಳಿಸಿ, ತೊಳೆದು ಇಟ್ಟುಕೊಂಡೆ.

ಒಂದು ಬೆಳಿಗ್ಗೆ ಫೋನು ಬರಲಿಲ್ಲ. ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಅವರ ಹೆಂಡತಿ ಪಾರ್ವತಿ ಹೇಳಿ ಕಳಿಸಿದಳು. ಹೋದೆ. ಮೂಗಿಗೆ ಕೊಳವೆ ಹಾಕಿದ್ದರು. ನನ್ನನ್ನು ನೋಡಿ ಕಣ್ಣು ಅರಳಿಸಿ, "ಬಂತಾ ಅಕ್ಕಾ?" ಅಂದರು. ಬಂತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖದ ಮುಂದೆ ಸುಳ್ಳು ಹೇಳಲು ಆಗಲಿಲ್ಲ. "ಇನ್ನೂ ಇಲ್ಲ ಅಣ್ಣಾ" ಅಂದೆ. "ಸರಿ ಲಾ" ಅಂತ ಕಣ್ಣು ಮುಚ್ಚಿಕೊಂಡರು. ಅದೇ ಕೊನೆ. ಸತ್ಯ ಹೇಳಿ ಒಬ್ಬ ಒಳ್ಳೆಯವರನ್ನು ಬರಿಗೈಯಲ್ಲಿ ಕಳಿಸಿದೆನೋ ಅಂತ ದಿನಾ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಅವರು ಹೋದ ಮೂರನೇ ದಿನ ಮಗು ಹುಟ್ಟಿತು. ಮಗುವಿಗೆ ನಾಲ್ಕು ದಿನ ತುಂಬಿದಾಗ ರಘುವಿನ ಫೋನಿಗೆ ಮಂಜೂರಾತಿ ಬಂತು. ಪ್ರಮಾಣಪತ್ರವನ್ನು ಒಪ್ಪಿಕೊಂಡಿದ್ದೇವೆ ಅಂತ ಅದರಲ್ಲಿತ್ತು. ಸುಧಾ ಅದನ್ನು ನನಗೆ ಎರಡು ಸಲ ಓದಿ ಹೇಳಿದಳು. ನಾನು ಕುಣಿಯಲೋ ಅಳಲೋ ತಿಳಿಯದೆ, ಹೊರಗೆ ಹೋಗಿ ಅವರ ವ್ಯಾನು ನಿಂತಿದ್ದ ಕಡೆ ನೋಡಿಕೊಂಡು ನಿಂತೆ. ಯಾರಿಗೆ ಫೋನು ಮಾಡಿ ಹೇಳಲಿ? ನಿನ್ನೆ ಅಂಗಡಿಯವರು ಬಂದು ಯಂತ್ರ ಕೂರಿಸಿ ಹೋದರು.

ಇವತ್ತು ಸಂಜೆ ಪಾರ್ವತಿಯನ್ನು ಊಟಕ್ಕೆ ಕರೆಯಲು ಹೋದೆ. ಹನ್ನೊಂದು ದಿನದಿಂದ ಅವಳು ಸರಿಯಾಗಿ ಉಂಡಿಲ್ಲ ಅಂತ ನನಗೆ ಗೊತ್ತಿತ್ತು. "ಸೂತಕದೋಳು ನಾನು, ಹಸುಗೂಸಿರೋ ಮನೆಗೆ ಹೆಂಗಕ್ಕಾ ಬರಲಿ?" ಅಂದಳು.

"ನಮ್ಮದೂ ಪುರುಡಿನ ಮನೆ ಕಣೆ. ನಮ್ಮಿಬ್ಬರನ್ನೂ ಬೇರೆ ಯಾರೂ ಕರೆಯೋ ಹಾಗಿಲ್ಲ. ನಾವೇ ಕರ್ಕೊಳ್ಳೋಣ, ಏಳು."

ಬಂದಳು. ಸುಧಾಗೆ ಮೆಣಸಿನ ಸಾರು, ಉಳಿದವರಿಗೆ ಹುಳಿ, ಹಪ್ಪಳ. ಜೊತೆಗೆ ರಘು ಮಾಮಾಕ್ ಅಂಗಡಿಯಿಂದ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಿಂದ, ಕಟ್ಟಿಸಿ ತಂದ ರೊಟ್ಟಿ. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು, ಮಗು ನಡುವೆ ಚಾಪೆಯ ಮೇಲೆ ಮಲಗಿತ್ತು. ಪಾರ್ವತಿ ತುತ್ತು ಕಲಸುತ್ತಾ ಕಲಸುತ್ತಾ ಮಗುವನ್ನೇ ನೋಡುತ್ತಿದ್ದಳು, ಯಾವಾಗ ಉಂಡಳೋ ತಟ್ಟೆ ಖಾಲಿಯಾಗಿತ್ತು. ಅನು ಅನ್ನದ ಪಾತ್ರೆ ಎತ್ತಿಕೊಂಡು, "ಸಮ್ ಮೋರ್, ಆಂಟಿ?" ಅಂದಳು. ಪಾರ್ವತಿ ಬೇಡ ಅನ್ನಲಿಲ್ಲ.