ಅತ್ತೆ ಹೇಳಿದ ಕುದುರೆ ಸಿನಿಮಾ

ದೆವ್ವ, ಕಣಿ, ಸತ್ತವರು ಕನಸಿನಲ್ಲಿ ಬಂದು ಹೇಳುವುದು ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಯಾರಾದರೂ ಇಂಥ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಇದು ನನಗೇ ಆದ ಅನುಭವ. ಆದ ಹಾಗೆಯೇ ಬರೆಯುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡನಿಗೆ ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಕೆಲಸ. ಕಾಸರಗೋಡಿನಿಂದ ನಮ್ಮ ಜೊತೆಗಿರಲು ಬಂದ ಅತ್ತೆಗೆ ಆ ಊರಲ್ಲಿ ಹೊತ್ತೇ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆ. ತಂಪಾನೂರಿನ ಕಡೆ ಹಳೆಯ ಇಂಗ್ಲಿಷ್ ಚಿತ್ರಗಳನ್ನು ಹಾಕುವ ಒಂದು ಟಾಕೀಸಿತ್ತು. ಕರಿ ಕೋಟಿನ ರಕ್ತಪಿಶಾಚಿಯೊಬ್ಬ ಹೆಣದ ಪೆಟ್ಟಿಗೆಯಿಂದ ಏಳುವ ಕಥೆ. ಅತ್ತೆ ಬದುಕಿನಲ್ಲಿ ನೋಡಿದ ಮೊದಲ ಸಿನಿಮಾ ಅದೇ. ನಾನು ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಅವರು, "ಪಾಪ, ಅವನಿಗೆ ಹಸಿವು ಮಾರಾಯ್ತಿ," ಎಂದರು.

ಅಲ್ಲಿಂದ ಅವರಿಗೆ ಹುಚ್ಚೇ ಹಿಡಿಯಿತು. ಪಿಶಾಚಿಗಳಿಗಿಂತಲೂ ಕುದುರೆ ಸವಾರರ ಚಿತ್ರಗಳೆಂದರೆ ಹೆಚ್ಚು ಇಷ್ಟ. ಸವೆದ ರೀಲು, ಪರದೆಯ ತುಂಬ ಗೀರುಗಳು, ಆ ಗೀರುಗಳ ನಡುವೆ ಧೂಳೆಬ್ಬಿಸಿಕೊಂಡು ಬರುವ ಒಂಟಿ ಸವಾರ. ಇಂಗ್ಲಿಷಿನ ಒಂದಕ್ಷರ ಬಾರದು, ಬೇಕಾಗಿಯೂ ಇರಲಿಲ್ಲ. "ಟೊಪ್ಪಿ ನೋಡಿದರೆ ಸಾಕು, ಕೇಡಿ ಯಾರೂಂತ ಗೊತ್ತಾಗ್ತದೆ. ನಮ್ಮ ಆಟದ ವೇಷದ ಹಾಗೇ," ಎನ್ನುತ್ತಿದ್ದರು. ಊರಲ್ಲಿ ರಾತ್ರಿಯಿಡೀ ಕೂತು ಯಕ್ಷಗಾನ ನೋಡಿದ ಕಣ್ಣು ಅದು.

ಗಂಡನಿಗೆ ಗೊತ್ತಾದಾಗ ಮನೆಯಲ್ಲಿ ದೊಡ್ಡ ಮಾತಾಯಿತು. "ಮಡಿ ಹೆಂಗಸು ಕೋವಿ, ಕುದುರೆ ನೋಡ್ಲಿಕ್ಕೆ ಹೋಗುವುದಾ ಅಮ್ಮ? ನಾನು ಆಫೀಸಿನಲ್ಲಿ ತಲೆ ಎತ್ತುವುದು ಹೇಗೆ?" ಅತ್ತೆ ಸಿನಿಮಾ ಬಿಟ್ಟರು. ಮಗನ ಹತ್ತಿರ ಮಾತೂ ಕಡಿಮೆಯಾಯಿತು.

ಆ ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದವರು ಏಳಲಿಲ್ಲ. ಗಂಡ ಕೆಲಸದ ಮೇಲೆ ಎರ್ನಾಕುಳಕ್ಕೆ ಹೋಗಿದ್ದರು. ಹೊಸ ಕುದುರೆ ಸಿನಿಮಾ ಬಂದ ಸುದ್ದಿ ಅತ್ತೆಗೆ ಹೇಗೋ ಮುಟ್ಟಿತ್ತು. "ನೀನಾದರೂ ನೋಡಿ ಬಾ. ಬಂದು ನನಗೆ ಕತೆ ಹೇಳು," ಎಂದು ಹಟ ಹಿಡಿದರು. ಪಕ್ಕದ ಮನೆಯ ಭಾರ್ಗವಿ ಚೇಚಿಯನ್ನು ಅವರ ಬಳಿ ಕೂರಿಸಿ ಮೊದಲ ದಿನದ ಮ್ಯಾಟಿನಿಗೇ ಹೋದೆ.

ತಾಯಿ ಮತ್ತು ಮಗನ ಕಥೆ. ಮಗ ಜಗಳವಾಡಿ ಕುದುರೆ ಹತ್ತಿ ಹೊರಟುಹೋಗುತ್ತಾನೆ. ಅಷ್ಟರಲ್ಲಿ ಪರದೆಯ ನಡುವೆ ಕಂದು ಕಲೆಯೊಂದು ಎದ್ದು ಹರಡಿತು, ರೀಲು ಸುಟ್ಟಿತ್ತು. ಆಟ ಇನ್ನಿಲ್ಲವೆಂದು ಎಲ್ಲರನ್ನೂ ಕಳಿಸಿದರು.

ಮನೆಗೆ ಬಂದಾಗ ಅತ್ತೆ ದಿಂಬಿಗೊರಗಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಕುದುರೆ ಮಾತ್ರ ತಿರುಗಿ ಬಂತಲ್ಲ ಮಗಳೇ," ಎಂದರು.

"ಸಿನಿಮಾ ಅರ್ಧಕ್ಕೇ ನಿಂತಿತು ಅತ್ತೆ."

"ಎಲ್ಲಿ ನಿಂತಿತು? ಆ ತಾಯಿ ಅಳಲಿಲ್ಲ. ಕುದುರೆಗೆ ನೀರು ಕೊಟ್ಟಳು. ಬೆನ್ನ ಮೇಲಿನ ಜೀನು ಬಿಚ್ಚಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು." ಇನ್ನೂ ಒಂದು ಮಾತು ಹೇಳಿ ಸುಸ್ತಾಗಿ ಮಲಗಿದರು. ಯಾರಾದರೂ ಬಂದು ಕತೆ ಹೇಳಿದರೇ ಎಂದು ಚೇಚಿಯನ್ನು ಕೇಳಿದೆ. "ಅಮ್ಮ ಇತ್ರ ನೇರವುಂ ನಲ್ಲ ಉರಕ್ಕಮಾಯಿರುನ್ನು," ಇಷ್ಟು ಹೊತ್ತೂ ಒಳ್ಳೇ ನಿದ್ದೆಯಲ್ಲಿದ್ದರು ಎಂದರು ಅವರು.

ಮರುದಿನ ಅತ್ತೆ ಹೋದರು. ತಂತಿ ತಲುಪಿ ಗಂಡ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದೆ ಅವರಿಗೆ ಎರ್ನಾಕುಳಕ್ಕೇ ವರ್ಗವಾಯಿತು. ಕೆಲವು ತಿಂಗಳ ಬಳಿಕ ಅದೇ ಚಿತ್ರ ಅಲ್ಲಿಗೆ ಬಂತು. ಅತ್ತೆ ಹೇಳಿದ ಕೊನೆಯನ್ನು ನಾನು ಆಗಲೇ ಗಂಡನಿಗೆ ಹೇಳಿದ್ದೆ. "ಇಂಥ ಸಿನಿಮಾಗಳ ಕೊನೆ ಯಾರಿಗಾದರೂ ಊಹಿಸಲಿಕ್ಕಾಗ್ತದೆ," ಎಂದು ನಗುತ್ತಲೇ ನನ್ನೊಂದಿಗೆ ಬಂದರು. ಕುದುರೆ ಒಂಟಿಯಾಗಿ ಅಂಗಳಕ್ಕೆ ಬಂದಾಗ ಅವರ ನಗು ನಿಂತಿತು. ತಾಯಿ ಅಳಲಿಲ್ಲ. ನೀರು ಕೊಟ್ಟಳು, ಜೀನು ಬಿಚ್ಚಿದಳು. ಬಾಗಿಲು ಮುಚ್ಚಿತು, ಚಿತ್ರ ಮುಗಿಯಿತು.

ಹೊರಗೆ ಬಂದು ಅವರು ದೋಣಿ ಜೆಟ್ಟಿಯವರೆಗೂ ನಡೆದರು. ಅಲ್ಲಿ ನಿಂತು, "ಅಮ್ಮ ಮತ್ತೆ ಎಂತ ಹೇಳಿದ್ಲು?" ಎಂದು ಕೇಳಿದರು.

ಅವರಿಗೆ ನೋವಾದೀತೆಂದು ಒಂದು ಮಾತನ್ನು ನಾನು ಅಷ್ಟು ದಿನ ಬಚ್ಚಿಟ್ಟಿದ್ದೆ. ಈಗ ಹೇಳಿದೆ: "ಬಾಗಿಲು ಹಾಕಿದಳು, ಆದರೆ ಚಿಲಕ ಹಾಕಲಿಲ್ಲ ಅಂದ್ರು. ಮಗ ಬಂದರೆ ಹೊರಗೆ ನಿಂತು ಬಡಿಯುವುದು ಬೇಡ ಅಂತ."

"ಅದು ಸಿನಿಮಾದಲ್ಲಿ ತೋರಿಸಲೇ ಇಲ್ಲವಲ್ಲ," ಎಂದರು ಅವರು.

ಹೌದು, ತೋರಿಸಿರಲಿಲ್ಲ. ಪರದೆಯ ಮೇಲೆ ನಾವಿಬ್ಬರೂ ಕಂಡದ್ದು ಬಾಗಿಲಿನ ಹೊರಬದಿಯನ್ನು ಮಾತ್ರ. ಒಳಬದಿಯನ್ನು ಅತ್ತೆ ಎಲ್ಲಿಂದ ಕಂಡರೋ, ನನಗೆ ಇಂದಿಗೂ ತಿಳಿದಿಲ್ಲ.