ಕರ್ಜಗಿಯ ಅವ್ವನ ಮೂಗು

ಆ ಬೇಸಿಗೆಯಲ್ಲಿ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ರಾಣೆಬೆನ್ನೂರಿನಿಂದ ಹಾವೇರಿಗೆ, ಅಲ್ಲಿಂದ ಬ್ಯಾಡಗಿಗೆ, ಸಂಜೆ ಮತ್ತೆ ರಾಣೆಬೆನ್ನೂರಿಗೆ. "ಇಕಿ ಕಾಲಿಗೆ ಚಕ್ರ ಕಟಗೊಂಡಾಳ" ಎಂದು ನಮ್ಮಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ನಾನು ಊರೂರು ಸುತ್ತಿ ಹುಡುಕುತ್ತಿದ್ದದ್ದು ನಾನೇ ಬಿಡಿಸಿದ ಚಿತ್ರಗಳನ್ನು.

ಮುಂಬೈ ಆಚೆಯ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ. ಅದು ಮುಗಿದರೆ ಕಾಲೇಜಿನಲ್ಲಿ ಪಾಠ ಹೇಳಬಹುದು, ಸಂಶೋಧನೆ ಮಾಡಬಹುದು, ಏನಿಲ್ಲವೆಂದರೂ ನಾನೊಬ್ಬಳು ಕಲಾವಿದೆ ಎಂದು ನಾಲ್ಕು ಜನರ ಮುಂದೆ ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದು. ಸೀಟು ಸಿಗದಿದ್ದರೆ ಅಪ್ಪನ ಅಂಗಡಿಯ ಹಿಂಬದಿಯಲ್ಲಿ ಕೂತು ಸತ್ತವರ ಮುಖ ಬಿಡಿಸುತ್ತಲೇ ಮುದುಕಿಯಾಗಬೇಕು. ಆ ವರ್ಷ ತಪ್ಪಿದರೆ ವಯಸ್ಸಿನ ಮಿತಿಯೂ ದಾಟುತ್ತಿತ್ತು. ಬರುವಾಗ ಇತ್ತೀಚಿನ ತೈಲಚಿತ್ರಗಳನ್ನು ತರಬೇಕು, ಅವುಗಳ ಫೋಟೋ ನಡೆಯುವುದಿಲ್ಲ ಎಂದು ಬರೆದಿದ್ದರು. ನನ್ನ ಬಳಿ ಒಂದೂ ಇರಲಿಲ್ಲ.

ಅಪ್ಪನದು ಬಸ್ ನಿಲ್ದಾಣದ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡ ಹಿರಿಯರ ಫೋಟೋ. ನಾನು ಹುಬ್ಬಳ್ಳಿಯಲ್ಲಿ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಬಂದ ಮೇಲೆ ಅಂಗಡಿಯ ವ್ಯಾಪಾರಕ್ಕೆ ಹೊಸದೊಂದು ಬಾಲ ಬೆಳೆಯಿತು. ಹಳೆಯ, ಮಾಸಿದ, ಹೆಬ್ಬೆರಳಿನಷ್ಟು ಫೋಟೋ ತಂದು ಕೊಟ್ಟರೆ ಅಪ್ಪನ ಮಗಳು ದೊಡ್ಡದಾಗಿ ಬಣ್ಣದಲ್ಲಿ ಬಿಡಿಸಿ ಕೊಡುತ್ತಾಳೆ ಎಂದು ಮೂರೂ ತಾಲ್ಲೂಕಿನಲ್ಲಿ ಸುದ್ದಿಯಾಯಿತು. ಹಾಗಾಗಿ ನನ್ನ ಕೆಲಸವೆಲ್ಲ ಪರರ ಗೋಡೆ ಸೇರಿತ್ತು. ಡಿಪ್ಲೊಮಾದ ಕಾಲದ ಚಿತ್ರಗಳಾದರೂ ಇರಬೇಕಿತ್ತಲ್ಲ? ಅವನ್ನು ಅಪ್ಪ ಕತ್ತರಿಸಿ ದೇವರ ಪಟಗಳ ಹಿಂಬದಿಗೆ ಹಚ್ಚಿದ್ದ. ಕ್ಯಾನ್ವಾಸು ಗಟ್ಟಿ, ರಟ್ಟಿನ ಹಾಗೆ ಗೆದ್ದಲು ಹಿಡಿಯುವುದಿಲ್ಲವಂತೆ. ನಾನು ಕೂಗಾಡಿದಾಗ, "ದೇವರಿಗೆ ಬೆನ್ನಾಸರಕಿ ಆತಲ್ಲವಾ, ಪುಣ್ಯ ಬಂತು ಬಿಡು" ಅಂದ. ನನ್ನ ಮಡಕೆ, ಬದನೆಕಾಯಿ, ಕಿಟಕಿಯ ಬೆಳಕು ಎಲ್ಲ ಇವತ್ತಿಗೂ ಯಾರದೋ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ನಿಂತಿವೆ.

ಇಷ್ಟಾದ ಮೇಲೆ ಉಳಿದ ದಾರಿ ಒಂದೇ, ಮನೆಮನೆಗೆ ಹೋಗಿ ನಿಮ್ಮ ಹಿರಿಯರನ್ನು ಸ್ವಲ್ಪ ದಿನಕ್ಕೆ ಕೊಡಿ ಎಂದು ಕೇಳುವುದು. ಕೇಳಿ ನೋಡಿ, ಅದೆಷ್ಟು ಕಷ್ಟವೆಂದು ಆಗ ಗೊತ್ತಾಗುತ್ತದೆ. ಹಾವೇರಿಯ ಒಂದು ಮನೆಯಲ್ಲಿ, ಅಜ್ಜನನ್ನು ಗೋಡೆಯಿಂದ ಇಳಿಸಿದರೆ ಎರಡನೇ ಸಲ ಹೆಣ ಎತ್ತಿದ ಹಾಗೆ ಎಂದು ಸೊಸೆಯಂದಿರು ಬಾಗಿಲಲ್ಲೇ ತಡೆದರು. ಇನ್ನೊಂದು ಮನೆಯವರು ಕೊಟ್ಟರು, ಆದರೆ ಸೋಮವಾರಕ್ಕೊಮ್ಮೆ ಊದಿನಕಡ್ಡಿ ಹಚ್ಚಬೇಕೆಂದು ಕಡ್ಡಿಯ ಕಟ್ಟನ್ನೂ ಕೈಗಿಟ್ಟರು. ನಗುನಗುತ್ತ ಕೊಟ್ಟವರೆಂದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸಾಹೇಬರು. ಅವರ ಮನೆಯಲ್ಲಿ ನಮಾಜು ಮಾಡುವ ಕೋಣೆಯಲ್ಲಿ ಚಿತ್ರ ಇಡುವುದಿಲ್ಲ. ಅವರ ತಂದೆಯ ಚಿತ್ರ ಟ್ರಂಕಿನಲ್ಲಿ ಚಾದರದೊಳಗೆ ಮಲಗಿತ್ತು. "ನಮ್ಮ ಅಬ್ಬಾ ಜಿಂದಗಿಯೊಳಗ ಹುಬ್ಬಳ್ಳಿ ದಾಟಿಲ್ಲ ಬೇಟಾ. ಒಯ್ಯಿ, ಮುಂಬೈ ನೋಡಿಕೊಂಡ ಬರ್ಲಿ" ಅಂದರು. ಹೀಗೆ ಅಂಗಡಿಯ ಹಿಂಬದಿಯಲ್ಲಿ ಒಬ್ಬೊಬ್ಬರೇ ಹಿರಿಯರು ಬಂದು ಸೇರಿಕೊಂಡರು.

ಆದರೆ ಒಳಗೊಳಗೇ ನನಗೆ ಗೊತ್ತಿತ್ತು, ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ. ಎಲ್ಲ ಫೋಟೋ ನೋಡಿ ಮಾಡಿದ ನಕಲು. ಆ ಕಾಲೇಜಿನವರು ಒಂದು ಕಣ್ಣು ಹಾಯಿಸಿ ಪಕ್ಕಕ್ಕೆ ಇಡುತ್ತಾರೆ. ನನ್ನದು ಎಂದು ಎದೆ ತಟ್ಟಿ ಹೇಳಬಹುದಾದ ಚಿತ್ರ ಒಂದೇ ಒಂದಿತ್ತು. ಅದು ಕರ್ಜಗಿಯಲ್ಲಿತ್ತು.

ಎರಡು ವರ್ಷದ ಹಿಂದೆ ಕರ್ಜಗಿಯಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು, ನಮ್ಮ ಅವ್ವನ ಚಿತ್ರ ಬೇಕು ಅಂದಿದ್ದಳು. ಫೋಟೋ ಕೊಡ್ರಿ ಅಂದರೆ, ಇಲ್ಲ ಅಂದಳು. ತೀರಿಕೊಂಡ ಅವಳ ಅವ್ವ ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಂತವಳಲ್ಲ. ಅಪ್ಪ ಕೈ ಆಡಿಸಿ ಕಳಿಸುವುದರಲ್ಲಿದ್ದ. ನಾನು ಅಡ್ಡ ಹಾಕಿ ಒಪ್ಪಿಕೊಂಡೆ. ಗಂಡುಮಕ್ಕಳಿಲ್ಲದ ಮನೆ ಅದು. ಇವಳು ಹಿರಿಯಳು, ಮನೆ ಅಳಿಯನನ್ನು ತಂದುಕೊಂಡು ಅಲ್ಲೇ ಉಳಿದಿದ್ದಳು. ತಂಗಿಯನ್ನು ಗುತ್ತಲಕ್ಕೆ ಕೊಟ್ಟಿತ್ತು. ನಾನು ಇಬ್ಬರನ್ನೂ ಕಟ್ಟೆಯ ಮೇಲೆ ಬೆಳಕಿಗೆ ಕೂರಿಸಿ, ಅವ್ವನ ಹೋಲಿಕೆ ಹುಡುಕುತ್ತ ಮುಖದಲ್ಲಿ ಮುಖ ಇಟ್ಟು ನೋಡಿದೆ. ಗಂಡಸು ಪೇಂಟರ್ ಆಗಿದ್ದರೆ ಹಾಗೆ ನೋಡಲು ಯಾರು ಬಿಡುತ್ತಿದ್ದರು? ಕಣ್ಣು ಹಿರಿಯಳದು, ಬಾಯಿ ಕಿರಿಯಳದು, ಹಣೆ ಇಬ್ಬರದೂ ಒಂದೇ. ಮೂಗಿನ ಹತ್ತಿರ ಬಂದಾಗ ಮಾತ್ರ ಅಕ್ಕ ತಂಗಿ ಜಗಳ ತೆಗೆದರು. ಒಬ್ಬಳು ಮೊಂಡು ಅಂದಳು, ಇನ್ನೊಬ್ಬಳು ಉದ್ದ ಅಂದಳು. ಕೊನೆಗೆ ಮೂಗನ್ನು ನಾನೇ ತೀರ್ಮಾನಿಸಿದೆ. ಆ ಹಣೆಗೂ ಆ ಬಾಯಿಗೂ ಎಂಥ ಮೂಗು ಒಪ್ಪುತ್ತದೋ ಅಂಥದ್ದು, ಸ್ವಲ್ಪ ಚೂಪು, ಎಡಗಡೆ ಮೂಗುಬೊಟ್ಟು.

ಚಿತ್ರ ಒಯ್ದು ತೋರಿಸಿದ ದಿನ ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕಟ್ಟಿನ ಕೆಳಗಿನ ಅಂಚು ಮುಟ್ಟಿ ನಮಸ್ಕಾರ ಮಾಡಿ, "ಬಂದ್ಯಾ ಅವ್ವಾ?" ಅಂದಳು. ಅಂಥ ಹೆಮ್ಮೆ ಅದಕ್ಕೆ ಮೊದಲು ನನಗೆ ಆಗಿರಲಿಲ್ಲ.

ಈಗ ಅದೇ ಚಿತ್ರ ಕೇಳಲು ಹೋದರೆ ಅಕ್ಕ ಒಪ್ಪಲಿಲ್ಲ. "ಅವ್ವ ಒಂದ ದಿನಾನೂ ಈ ಮನಿ ಬಿಟ್ಟು ಬ್ಯಾರೆ ಕಡೆ ಮಲಗಿದಾಕಿ ಅಲ್ಲ ತಂಗಿ" ಅಂದಳು. ಎರಡನೇ ಸಲ ಹೋದಾಗ ಗುತ್ತಲದ ತಂಗಿಯೂ ಬಂದಿದ್ದಳು. ಇಬ್ಬರೂ ಸೇರಿ ಗಿರಮಿಟ್ಟು ತಿನ್ನಿಸಿ, ಚಹಾ ಕುಡಿಸಿ, ತಲೆ ಸವರಿ ಬರಿಗೈಲಿ ಕಳಿಸಿದರು. ರೈಲು ಹತ್ತುವ ದಿನ ಹತ್ತಿರ ಬಂತು. ನನಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ಅಪ್ಪ ಮೊಳೆ ಹೊಡೆಯುವ ಸದ್ದು ಕೇಳಿದರೂ ಸಿಟ್ಟು ಬರುತ್ತಿತ್ತು. ಮೂರನೇ ಸಲ ಹೋದೆ. ಅಕ್ಕ ಮತ್ತೆ ಅದೇ ಮಾತು ತೆಗೆದಾಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಅಕ್ಕಾರ, ನಿಮ್ಮ ಅವ್ವನ್ನ ನಿಮಗ ಕೊಟ್ಟಾಕಿ ನಾನು. ಇಲ್ಲಂದ್ರ ನಿಮಗ ಆಕಿ ಮುಖ ಎಲ್ಲಿತ್ತು? ಎಂಟ ದಿನಾ ನನಗ ಕೊಡೂದಿಲ್ಲೇನು? ನನ್ನ ಜೀವನಾನ ಅದರ ಮ್ಯಾಲೆ ಐತಿ."

ಬೈಯುತ್ತಾಳೆ ಅಂದುಕೊಂಡೆ. ಅಕ್ಕ ಎದ್ದು ಹೋಗಿ, ಸ್ಟೂಲು ಹತ್ತಿ ಚಿತ್ರ ಇಳಿಸಿದಳು. ನಾನು ಚೀಲದಿಂದ ಹಳೆಯ ಪೇಪರು ತೆಗೆದಾಗ ಮಾತ್ರ ರೇಗಿದಳು. "ಅವ್ವನ ಮಾರಿಗೆ ಪೇಪರ್ ಸುತ್ತತೀಯೇನು?" ಒಳಗೆ ಹೋಗಿ ಪೆಟ್ಟಿಗೆಯಿಂದ ಅವ್ವನ ಇಳಕಲ್ ಸೀರೆ ತಂದು, ಕೂಸಿಗೆ ಸುತ್ತುವಂತೆ ಸುತ್ತಿ ಕೊಟ್ಟಳು. "ಮುಂದಿನ ಬ್ಯಾಸ್ತವಾರ ತಂದು ಕೊಡ್ತೇನಿ ಅಂತ ಹೊಸ್ತಲಾ ಮುಟ್ಟಿ ಹೇಳು" ಅಂದಳು. ಮುಟ್ಟಿ ಹೇಳಿದೆ.

ಅಪ್ಪ ಅಂಗಡಿ ಮುಚ್ಚಿ ಜೊತೆಗೆ ಬಂದ. ಮದುವೆ ವಯಸ್ಸಿನ ಮಗಳನ್ನು ಅಷ್ಟು ದೂರ ಒಬ್ಬಳನ್ನೇ ಕಳಿಸುವ ಕಾಲವಲ್ಲ ಅದು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಎಂದು ಗೊಣಗುತ್ತಲೇ ಎಲ್ಲ ಚಿತ್ರಗಳಿಗೆ ಹಗ್ಗ ಬಿಗಿದು ಹೊತ್ತ. ಮೀರಜದಲ್ಲಿ ಗಾಡಿ ಬದಲಿಸುವಾಗ ಕೂಲಿಯವನ ಕೈಗೂ ಕೊಡಲಿಲ್ಲ.

ಕಾಲೇಜಿನ ಕಾರಿಡಾರಿನಲ್ಲಿ ನಮ್ಮ ಮುಂದೆ ಕೂತವರ ಚಿತ್ರಗಳನ್ನು ನೋಡಿ ನನ್ನ ಜೀವ ಹಾರಿತು. ಗೋಡೆಯಷ್ಟಗಲದ ಕ್ಯಾನ್ವಾಸುಗಳು, ಮುಖವೇ ಇಲ್ಲದ ಮನುಷ್ಯರು, ಬರೀ ಬಣ್ಣ. ಅಪ್ಪ ಎಲ್ಲವನ್ನೂ ನೋಡಿ ಬಂದು, "ಒಂದಕ್ಕೂ ಕಟ್ಟಿಲ್ಲ ನೋಡು, ನಮ್ಮವಕ್ಕ ಎಲ್ಲಾ ಐತಿ" ಎಂದು ಧೈರ್ಯ ಹೇಳಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಒಳಗೆ ಮೂವರಿದ್ದರು. ನಾನು ಹೆದರಿದ ಹಾಗೇ ಆಯಿತು. ಊದಿನಕಡ್ಡಿಯ ಮನೆಯ ಹಿರಿಯರು, ಬ್ಯಾಡಗಿಯ ಅಬ್ಬಾ, ಎಲ್ಲರನ್ನೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಇಟ್ಟರು. "ಇವೆಲ್ಲ ಫೋಟೋಗಳು, ನಿಮ್ಮ ಕೆಲಸ ಎಲ್ಲಿ?" ಎಂದು ಕನ್ನಡಕದ ಹಿರಿಯರು ಕೇಳಿದರು. ಸೀರೆ ಬಿಚ್ಚಿದೆ. ಅರೆಬರೆ ಹಿಂದಿಯಲ್ಲಿ ಕರ್ಜಗಿಯ ಕಥೆ ಹೇಳಿದೆ. ಮೂವರೂ ಎದ್ದು ಹತ್ತಿರ ಬಂದರು. "ಫೋಟೋ ಇಲ್ಲ, ನೀವು ಆಕೆಯನ್ನು ಕಂಡಿಲ್ಲ. ಇದು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕನ್ನಡಕದವರೇ ಕೇಳಿದರು.

"ಆಕೆಯ ಮಗಳು ನೋಡಿ, ಬಂದೆಯಾ ಅವ್ವಾ ಅಂದಳು" ಅಂದೆ.

ಇಲ್ಲಿ ಓದಲು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಫೋಟೋ ಇಲ್ಲದೆ ಸತ್ತವರ ಮುಖಗಳನ್ನು ಹುಡುಕುತ್ತೇನೆ, ಅದೇ ನನ್ನ ಸಂಶೋಧನೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಮಾರನೆಯ ದಿನ ಗೋಡೆಗೆ ಹಚ್ಚಿದ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರಿತ್ತು. ಅಪ್ಪ ಪಟ್ಟಿಯನ್ನು ಓದಲಾರದೆ ನನ್ನ ಮುಖ ಓದಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡ.

ಊರಿಗೆ ಬಂದವಳೇ ಮೊದಲು ಕರ್ಜಗಿಗೆ ಓಡಿದೆ. ಅಂದು ಗುರುವಾರ, ಬ್ಯಾಸ್ತವಾರ ಎಂದು ಕೊಟ್ಟ ಮಾತು. ದಾರಿಯುದ್ದಕ್ಕೂ ಅಕ್ಕನಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನಿಮ್ಮ ಅವ್ವನ ಪುಣ್ಯದಿಂದ ಸೀಟು ಸಿಕ್ಕಿತು, ದೊಡ್ಡದೊಡ್ಡವರು ಎದ್ದು ನಿಂತು ನೋಡಿದರು, ಹೀಗೆಲ್ಲ. ಅಕ್ಕ ಎಲ್ಲ ಕೇಳಿ ನಕ್ಕಳು, ಕೈಗೆ ಸಕ್ಕರೆ ಹಾಕಿದಳು. ಆಮೇಲೆ ಗಂಟು ಬಿಚ್ಚಿದಳು. ಸೀರೆಯನ್ನು ಮೂಗಿಗೆ ಹಿಡಿದು, ಮಡಿಕೆ ಮಾಡಿ, ಒಳಗೆ ಪೆಟ್ಟಿಗೆಯಲ್ಲಿಟ್ಟು ಬಂದಳು. ಚಿತ್ರ ಕಂಬಕ್ಕೆ ಒರಗಿತ್ತು. ನಾನು ಸ್ಟೂಲು ತರಲು ಎದ್ದೆ.

"ಬ್ಯಾಡ ತಂಗಿ. ನೀನ ಇಟಗೋ."

ನನಗೆ ಅರ್ಥವಾಗಲಿಲ್ಲ. ಏನಾದರೂ ಕೆಡಿಸಿ ತಂದೆನೇ ಎಂದು ಚಿತ್ರದ ಮೂಲೆ ಮೂಲೆ ನೋಡಿದೆ.

"ಖರೇ ಹೇಳ್ಲೇನು? ಸಿಟ್ಟಿಗೆ ಬರಬ್ಯಾಡ" ಎಂದು ಅಕ್ಕ ಮೆಲ್ಲಗೆ ಶುರು ಮಾಡಿದಳು. "ನೀ ತಂದ ದಿನಾ ಅವ್ವ ಬಂದಳು ಅನಿಸಿತ್ತು. ದಿನಾ ಇದನ್ನ ನೋಡಿ ನೋಡಿ, ಬರಬರುತ ಇದ ಅವ್ವ ಆತು. ನೀ ಒಯ್ದ ಮ್ಯಾಲೆ ಗ್ವಾಡಿ ಬರೇ ಉಳೀತಲ್ಲ, ಮುಂಜಾನೆ ದೀಪ ಹಚ್ಚಿ ಹಂಗ ನಿಂತಾಗ, ಖರೇ ಅವ್ವ ಬಂದಳು. ಮೂಗು ಇಷ್ಟು ಚೂಪ ಇದ್ದಿಲ್ಲ ಆಕಿದು. ಮಾರಿನ ಬ್ಯಾರೆ. ಎರಡ ವರ್ಷ ಆಕಿ ನನ್ನ ಕಡೆ ಬಂದೇ ಇದ್ದಿಲ್ಲ ಅಂತ ಆವಾಗ ತಿಳೀತು."

ನನಗೆ ಸಿಟ್ಟೇ ಬಂತು. ಹೌದು, ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಕುಂಕುಮ ಹಚ್ಚಿ ಕೈ ಮುಗಿದವಳು, ಮೂರು ಸಲ ನನ್ನನ್ನು ಅಲೆಸಿದವಳು, ಇವತ್ತೇ ಇದನ್ನು ಹೇಳಬೇಕೇ? ಆ ಮೂವರ ಮುಂದೆ ನಾನು ಇಟ್ಟ ಸಾಕ್ಷಿ ಇವಳ ಒಂದು ಮಾತು. ಆ ಮಾತಿನ ಮೇಲೆ ನನಗೆ ಸೀಟು ಕೊಟ್ಟಿದ್ದರು. ಈಗ ಅದನ್ನು ಇವಳೇ ವಾಪಸು ತೆಗೆದುಕೊಂಡಳು.

"ಮೂಗು ತಿದ್ದಿ ಕೊಡ್ತೇನ್ರಿ ಅಕ್ಕಾರ. ಹೆಂಗಿತ್ತು ಹೇಳ್ರಿ, ಇಲ್ಲೇ ಕುಂತು ತಿದ್ದತೇನಿ" ಅಂದೆ.

"ತಿದ್ದಿದ್ರ ಮತ್ತ ಅದನ್ನ ನೋಡ್ತೇನಿ ತಂಗಿ" ಅಂದಳು ಅಕ್ಕ. "ಆಕಿ ಈಗ ದಿನಾ ಒಂದೀಟ ಒಂದೀಟ ಬರಾಕತ್ತಾಳ. ಬರ್ಲಿ ಬಿಡು."

ಬಿರುಬಿಸಿಲು. ಬಸ್ಸು ನಿಲ್ಲುವ ಕಡೆ ಚಿತ್ರವನ್ನು ಮುಂದೆ ಹಿಡಿದು ನಿಂತೆ, ಇಳಿಸಿದೆ, ಮತ್ತೆ ಎತ್ತಿಕೊಂಡೆ. ಎರಡು ವರ್ಷ ಹೋಗಿ ನಾನು ಕಲಿಯಬೇಕೆಂದಿದ್ದದ್ದು ಸತ್ತವರ ಮುಖ ಹುಡುಕುವ ಇದೇ ಕೆಲಸವನ್ನಲ್ಲವೇ, ಎಂದು ತಲೆ ಸುತ್ತುತ್ತಿತ್ತು. ಹೋಗಬೇಕೋ ಬೇಡವೋ ಎಂದು ಒಂದು ಗಳಿಗೆ, ಹೋಗದೆ ಹೇಗಿರಲಿ ಎಂದು ಇನ್ನೊಂದು ಗಳಿಗೆ. ಹಾವೇರಿ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಯಾರ ಫೋಟೋರಿ ಅಕ್ಕಾರ? ಮನಿ ಹಿರಿಯಾರದಿದ್ರ ಒಳಗ ತಗೊಂಡ ಬರ್ರಿ, ತೊಡಿ ಮ್ಯಾಲೆ ಇಟಗೊಂಡ ಕುಂದ್ರಿ. ಬರೇ ಚಿತ್ರ ಇದ್ರ ಟಾಪ್ ಮ್ಯಾಲೆ ಹಾಕ್ರಿ, ಗದ್ದಲ ಭಾಳ ಐತಿ."

ಒಳಗಿನವರೆಲ್ಲ ಅವ್ವನ ಮುಖ ನೋಡುತ್ತಿದ್ದರು. ಒಬ್ಬ ಮುದುಕ ಜಾಗ ಬಿಡಲು ಆಗಲೇ ಸರಿದಿದ್ದ.

"ಯಾರದೂ ಅಲ್ರಿ" ಅಂದೆ. "ನಾ ತಗದ ಚಿತ್ರ."

"ಹಂಗಾದ್ರ ಲಗೂ ಮ್ಯಾಲೆ ಹಾಕ್ರಿ" ಎಂದು ಅವನು ಬಾಗಿಲು ಎಳೆದುಕೊಂಡ. ನಾನು ಹಿಂದಿನ ಏಣಿ ಹತ್ತಿ ಮೆಣಸಿನಕಾಯಿ ಚೀಲಗಳ ನಡುವೆ ಅವಳನ್ನು ಇಟ್ಟೆ. ಮುಖ ಮೇಲೆ ಮಾಡಿ ಮಲಗಿಸಬೇಕೋ ಕೆಳಗೆ ಮಾಡಬೇಕೋ ತಿಳಿಯದೆ ತಿರುವಿ ಹಾಕುತ್ತಿದ್ದಂತೆ ಕೆಳಗೆ ಕಂಡಕ್ಟರು ಸೀಟಿ ಊದಿದ.