ಅರಗಿನ ಗುಂಡು

ಮೊನ್ನೆ ಪಂಚಾಯಿತಿ ಚುನಾವಣೆಯ ಕೆಲಸಕ್ಕೆಂದು ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಸಂಜೆ ಮತದಾನ ಮುಗಿದ ಮೇಲೆ ಪೆಟ್ಟಿಗೆಗೆ ಸೀಲು ಹಾಕಲು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದೆ. ಅರಗು ಕರಗಿ ತೊಟ್ಟಿಕ್ಕಿತು, ಘಾಟು ಮೂಗಿಗೆ ಬಡಿಯಿತು. ಅಷ್ಟೇ... ಯಲಬುರ್ಗಾದ ನಮ್ಮ ಹಳೆಯ ಮನೆಯ ಒಲೆ, ಅದರ ಮುಂದೆ ಸೆರಗು ಸಿಕ್ಕಿಸಿ ಕೂತ ಸೋದರತ್ತೆ, ಬೈಯುತ್ತಲೇ ಒಳಗೆ ಬಂದ ಪತ್ತಾರ ದೊಡ್ಡವ್ವ, ಎಲ್ಲರೂ ಕಣ್ಣೆದುರು ನಿಂತರು. ಜೊತೆಗಿದ್ದ ಮಾಸ್ತರರು "ಮೇಡಂ, ಕೈ ಸುಡತೈತ್ರಿ" ಅಂದಾಗಲೇ ನನಗೆ ಎಚ್ಚರವಾದದ್ದು.

ದೊಡ್ಡವ್ವ ನಮ್ಮ ಬಳಗದವಳಲ್ಲ, ಪಕ್ಕದ ಮನೆಯವಳು. ನಮ್ಮ ಕಡೆ ಅಕ್ಕಸಾಲಿಗರಿಗೆ ಪತ್ತಾರರು ಅನ್ನುತ್ತಾರೆ. ಅವಳ ಗಂಡ ಊರಿಗೆಲ್ಲ ಹೆಸರಾದ ಪತ್ತಾರ. ಅವನು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಆದರೆ ಅವನ ಒರೆಗಲ್ಲನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಓಣಿಯಲ್ಲಿ ಯಾರು ಬಂಗಾರ ಕೊಂಡರೂ ಮೊದಲು ಅವಳಿಗೆ ತೋರಿಸಬೇಕು, ಆಮೇಲೆ ದೇವರಿಗೆ. ತೋರಿಸದವರಿಗೆ ಕಟ್ಟೆಯ ಮೇಲೆ ಕೂತು, ನಶ್ಯ ಏರಿಸುತ್ತ, ಬೈಗುಳದ ಪೂಜೆ ಮಾಡುತ್ತಿದ್ದಳು. "ಹಲ್ಲಿಲೆ ಕಚ್ಚಿ ನೋಡ್ತಾರ, ಅದೇನು ಕಬ್ಬೇನು? ಅಯಸ್ಕಾಂತ ಹಿಡಿತಾರ. ಹಿತ್ತಾಳಿನೂ ಅಯಸ್ಕಾಂತಕ್ಕ ಹತ್ತಂಗಿಲ್ಲ, ಹಂಗಂತ ಅದು ಬಂಗಾರ ಆತೇನು?" ತನ್ನ ಕಣ್ಣಿನ ಮೇಲೆ ಅವಳಿಗೆ ಭಾರೀ ಧಿಮಾಕು. ಓಣಿಯ ಅರ್ಧ ಜನಕ್ಕೆ ಅದು ಸೇರುತ್ತಿರಲಿಲ್ಲ. ನನಗೆ ಮಾತ್ರ ಬಹಳ ಸೇರುತ್ತಿತ್ತು.

ತೊಂಬತ್ತೇಳರ ಬೇಸಿಗೆಯಲ್ಲಿ ಅಕ್ಕನಿಗೆ ಸಿದ್ದಾಪುರದ ಗಂಡು ಗೊತ್ತಾಯಿತು. ಕಾಲುವೆ ನೀರಿನ ಗದ್ದೆ, ನಗುಮುಖದ ಹುಡುಗ. ಅವನು ನೋಡಿ ಹೋದ ದಿನ ಅಕ್ಕ ಸುಟ್ಟ ರೊಟ್ಟಿಗಳೆಲ್ಲ ಕರಕಾಗಿದ್ದವು. ಅವ್ವನಿಗೆ ಅಷ್ಟು ಸಾಕಾಯಿತು, ಬೇರೆ ಏನೂ ಕೇಳಲಿಲ್ಲ. ನಿಶ್ಚಯದ ದಿನ ಬೀಗರು ಅಕ್ಕನ ಕೊರಳಿಗೆ ಬೋರಮಾಳ ಹಾಕಿದರು. ದುಂಡನೆಯ ಬಂಗಾರದ ಗುಂಡುಗಳನ್ನು ಪೋಣಿಸಿದ ಸರ ಅದು. ಇನ್ನೆರಡು ದಿನಕ್ಕೆ ಅವರು ಮತ್ತೆ ಬಂದು ಅಕ್ಕನನ್ನು ಮದುವೆಯ ಜವಳಿಗೆ ಗಂಗಾವತಿಗೆ ಕರೆದುಕೊಂಡು ಹೋಗುವವರಿದ್ದರು.

ನಿಶ್ಚಯಕ್ಕೆ ಇರಕಲ್ಲಗಡದಿಂದ ಬಂದ ಸೋದರತ್ತೆ ನಮ್ಮಲ್ಲೇ ಉಳಿದಿದ್ದಳು. ಅದರ ಹಿಂದಿನ ವರ್ಷ ಅವಳ ಮೈದುನನಿಗೆ ಹಿಟ್ನಾಳದ ಹತ್ತಿರ ಯಾರೋ "ಹೊಲ ಅಗಿಯುವಾಗ ನಿಧಿ ಸಿಕ್ಕೈತಿ" ಎಂದು ಹೇಳಿ ಬಂಗಾರದ ಬೆಲೆಗೆ ಹಿತ್ತಾಳೆ ಗುಂಡುಗಳನ್ನು ಕಟ್ಟಿ ಕಳಿಸಿದ್ದರು. ಅಂದಿನಿಂದ ಅವಳಿಗೆ ಹೊಳೆಯುವುದೆಲ್ಲ ಹಿತ್ತಾಳೆಯೇ. ನಿಶ್ಚಯದ ಮರುದಿನ ಬೋರಮಾಳವನ್ನು ಅಂಗೈಯಲ್ಲಿ ತೂಗಿ ನೋಡಿ "ಹಗೂರ ಐತಿ" ಅಂದಳು. ತನ್ನ ಕೊರಳಿನ ಗಟ್ಟಿ ಗುಂಡಿನ ಸರ ಇದಕ್ಕಿಂತ ಚಿಕ್ಕದಿದ್ದರೂ ಭಾರ ಇತ್ತಂತೆ. ಇಟ್ಟಿಗೆಗೆ ತಿಕ್ಕಿದಳು, ತಂಬಿಗೆಯ ನೀರಿಗೆ ಬಿಟ್ಟಳು. ಸಮಾಧಾನ ಆಗಲಿಲ್ಲ. ಅವ್ವ ಬೇಡ ಬೇಡ ಅನ್ನುತ್ತಿದ್ದಂತೆಯೇ ದಾರ ಬಿಚ್ಚಿ ಒಂದು ಗುಂಡು ತೆಗೆದು, "ಖರೇ ಬಂಗಾರಕ್ಕ ಬೆಂಕಿ ಅಂಜಿಕಿ ಎಲ್ಲೈತಿ?" ಎಂದು ಒಲೆಯ ಕೆಂಡದ ಮೇಲೆ ಇಟ್ಟಳು.

ಗುಂಡು ಚುರ್ ಎಂದಿತು. ತೂತಿನಿಂದ ಕರಿಯ ಅಂಟು ಉಕ್ಕಿ ಬಂತು, ಮನೆ ತುಂಬ ಹೊಗೆ. ಅತ್ತೆ ಇಕ್ಕಳದಿಂದ ಹೊರಗೆಳೆಯುವಷ್ಟರಲ್ಲಿ ಅದು ಸೀಳಿ ಸೊಟ್ಟಗಾಗಿತ್ತು. "ನೋಡ್ರಿ, ಹೊಟ್ಟಿ ತುಂಬ ಡಾಂಬರ" ಅಂದಳು ಅತ್ತೆ. ಅಪ್ಪ ಆ ಗುಂಡನ್ನು ದಿಟ್ಟಿಸಿ, "ನಾಳಿ ಬರ್ಲಿ ಅವರು. ಮಾಳ ಕೈಯಾಗ ಇಟ್ಟು ಸಂಬಂಧ ಮುರೀತೀನಿ" ಎಂದ. ಅಕ್ಕ ಅಳಲಿಲ್ಲ. ಕಂಬ ಹಿಡಿದು ನಿಂತೇ ಇದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡವ್ವನ ದನಿ. "ಯಾರದು, ಅರಗು ಸುಡಾಕತ್ತೀರಿ?" ಯಾರೂ ಕರೆದಿರಲಿಲ್ಲ, ವಾಸನೆಯೇ ಅವಳನ್ನು ಕರೆತಂದಿತ್ತು. ಸೊಟ್ಟ ಗುಂಡನ್ನು ನೋಡಿದವಳು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು. ಮನೆಗೆ ಹೋಗಿ ಒರೆಗಲ್ಲು, ತೇಜಾಬು ಅಂದರೆ ಆಸಿಡ್ಡಿನ ಸೀಸೆ ತಂದು ನಡುಮನೆಯಲ್ಲಿ ಚಕ್ಕಳ ಬಕ್ಕಳ ಹಾಕಿ ಕೂತಳು. ಕರಿಯ ಕಲ್ಲಿನ ಮೇಲೆ ಗುಂಡಿನ ಒಂದು ಗೆರೆ, ಪಕ್ಕಕ್ಕೆ ನಮ್ಮ ಹಿತ್ತಾಳೆ ಚೊಂಬಿನ ಇನ್ನೊಂದು ಗೆರೆ ಎಳೆದಳು. ಎರಡಕ್ಕೂ ತೇಜಾಬು ಮುಟ್ಟಿಸಿದಳು. ಚೊಂಬಿನ ಗೆರೆ ಬುಸ್ಸೆಂದು ಕುದಿದು ಅಳಿಸಿಹೋಯಿತು. ಗುಂಡಿನ ಗೆರೆ ಹಾಗೆಯೇ ಹಳದಿಯಾಗಿ ಉಳಿಯಿತು.

"ಕಣ್ಣು ತುಂಬ ನೋಡ್ಕೋ ತಮ್ಮಾ" ಅಂದಳು ಅಪ್ಪನಿಗೆ. "ಬೋರಮಾಳದ ಗುಂಡಂದ್ರ ಮ್ಯಾಲ ಬಂಗಾರದ ತಗಡು, ಒಳಗ ಅರಗು. ಅರಗು ತುಂಬದಿದ್ರ ಬಟ್ಟು ಒತ್ತಿದಲ್ಲಿ ತಗ್ಗು ಬೀಳತೈತಿ. ಇದು ಮೋಸ ಅಲ್ಲಪಾ, ಕಸಬು."

ಉಸಿರು ಬಿಟ್ಟೆವು, ಮರುಗಳಿಗೆಗೆ ಮತ್ತೆ ಹಿಡಿದೆವು. ಬೀಗರ ಬಂಗಾರವನ್ನು ಬೆಂಕಿಗೆ ಹಾಕಿ ಪರೀಕ್ಷೆ ಮಾಡಿದೆವು ಎಂದು ಗೊತ್ತಾದರೆ ಈಗ ಸಂಬಂಧ ಮುರಿಯುವವರು ಅವರೇ. ಹೊಸ ಗುಂಡು ಮಾಡಿಸಲು ಪೇಟೆಗೆ ಹೋದರೆ ಸುದ್ದಿ ನಮಗಿಂತ ಮೊದಲು ಸಿದ್ದಾಪುರ ಮುಟ್ಟುತ್ತಿತ್ತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಮೂಲೆ ಸೇರಿದಳು.

ದೊಡ್ಡವ್ವ ಮತ್ತೆ ಮನೆಗೆ ಹೋದಳು. ಈ ಸಲ ತಂದದ್ದು ತನ್ನದೇ ಬೋರಮಾಳ. ಗಂಡ ಹೋದ ಮೇಲೆ ಅವಳು ಅದನ್ನು ಕೊರಳಿಗೆ ಹಾಕಿದ್ದೇ ಇಲ್ಲ. ದಾರ ಬಿಚ್ಚಿ ಒಂದು ಗುಂಡು ತೆಗೆದು ಅಕ್ಕನ ಸರದ ಪಕ್ಕ ಹಿಡಿದಳು. ಅಳತೆ ಅದೇ, ಬಣ್ಣ ಮಾತ್ರ ತುಸು ಕೆಂಪು. "ನನ್ನ ಗಂಡನ ಕೈಕೆಲಸ. ಸಿದ್ದಾಪುರದವರದಕ್ಕಿಂತ ಛಲೋ ಐತಿ" ಅಂದಳು, ಆ ಹೊತ್ತಿನಲ್ಲೂ.

ಮೂಲೆಯಿಂದ ಅತ್ತೆ ಮೆಲ್ಲಗೆ, "ಮದಿಮಗಳ ಕೊಳ್ಳಾಗ... ಗಂಡ ಇಲ್ಲದಾಕಿ ಗುಂಡು..." ಅಂದಳು. ಅವ್ವ ತಲೆ ತಗ್ಗಿಸಿದಳು. ಆ ಮಾತು ಅವಳ ಮನಸ್ಸಿನಲ್ಲೂ ಇತ್ತು ಅಂತ ನನಗೆ ಗೊತ್ತಾಯಿತು.

ದೊಡ್ಡವ್ವನಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ತನ್ನ ಗುಂಡನ್ನೂ ಕಲ್ಲಿಗೆ ಎಳೆದು, ಕಲ್ಲನ್ನು ಅತ್ತೆಯ ಕಡೆ ತಿರುಗಿಸಿದಳು. "ಮುತ್ತೈದಿದು ಯಾವ ಗೆರಿ, ರಂಡಿಮುಂಡಿದು ಯಾವ ಗೆರಿ, ನೀನ ಹೇಳವಾ."

ಹೇಳಿದವಳು ಅಕ್ಕ. ಕಂಬ ಬಿಟ್ಟು ಬಂದು ದೊಡ್ಡವ್ವನ ಮುಂದೆ ಕೂತು, ಕೊರಳು ಬಾಗಿಸಿ, "ಪೋಣಿಸು ದೊಡ್ಡವ್ವ. ನನಗ ನಿನ್ನ ಗುಂಡ ಬೇಕು" ಅಂದಳು. ದೊಡ್ಡವ್ವ ನಶ್ಯದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗುಂಡು ಪೋಣಿಸಿದಳು. ಸುಟ್ಟ ಗುಂಡನ್ನು ತನ್ನ ಸರಕ್ಕೆ ಹಾಕಿಕೊಂಡಳು. ಬದಲಿಗೆ ಬದಲಿ, ಯಾರೂ ಯಾರ ಋಣದಲ್ಲಿಲ್ಲ ಎಂದು ತೀರ್ಪು ಕೊಟ್ಟು ಎದ್ದಳು.

ಮದುವೆ ಛಲೋ ಆಯಿತು. ಮೊದಮೊದಲು ಅಕ್ಕ ಆ ಕೆಂಪು ಗುಂಡನ್ನು ಹೆರಳಿನ ಕೆಳಗೆ ಸರಿಸಿಕೊಳ್ಳುತ್ತಿದ್ದಳು. ಅವಳ ಅತ್ತೆಗೆ ವಿಷಯ ತಿಳಿಯುವಷ್ಟರಲ್ಲಿ ಮೊಮ್ಮಗ ತೊಡೆಯೇರಿದ್ದ. ಅವರು ನಕ್ಕುಬಿಟ್ಟರು. ಭಾವ ಇವತ್ತಿಗೂ ಗಟ್ಟಿಮುಟ್ಟಾಗಿ ಗದ್ದೆ ತಿರುಗುತ್ತಾನೆ, ಸೋದರತ್ತೆಯ ಅಂಜಿಕೆ ಎಲ್ಲಿ ಹೋಯಿತೋ.

ದೊಡ್ಡವ್ವ ಹೋದಾಗ ನಾನು ದೂರದ ಊರಲ್ಲಿ ನೌಕರಿಯಲ್ಲಿದ್ದೆ. ಸುದ್ದಿ ಬಂದದ್ದೇ ತಡವಾಗಿ, ಮಣ್ಣು ಕೊಡಲು ಹೋಗಲಾಗಲಿಲ್ಲ. ಆ ಮನೆ ಕೈ ಬದಲಾಯಿತು, ಒರೆಗಲ್ಲು ಯಾರ ಪಾಲಾಯಿತೋ... ಕೊಪ್ಪಳದ ಅಂಗಡಿಗಳಲ್ಲಿ ಈಗ ಮಷಿನ್ನಿನೊಳಗೆ ಇಟ್ಟರೆ ಬಂಗಾರದ ಜಾತಕ ಪರದೆಯ ಮೇಲೆ ಬರುತ್ತದೆ. ಬರಲಿ. ನನಗೆ ಬೇಕಾದದ್ದು ಆ ಬೈಗುಳ, ಆ ನಶ್ಯದ ಬೆರಳು.

ಮತಪೆಟ್ಟಿಗೆ ಒಪ್ಪಿಸಿ ಬಸ್ಸಿಗೆ ಕಾಯುತ್ತ ಅಕ್ಕನಿಗೆ ಫೋನ್ ಮಾಡಿದೆ. ದೊಡ್ಡವ್ವನ ಗುಂಡು ಈಗ ಸರದಲ್ಲಿ ಎಲ್ಲಿದೆ ಎಂದು ಕೇಳಿದೆ. ಆ ಕಡೆ ಗುಂಡುಗಳು ಒಂದಕ್ಕೊಂದು ತಾಗುವ ಸಪ್ಪಳ ಬಹಳ ಹೊತ್ತು ಕೇಳಿಸಿತು.

"ಗೊತ್ತಾಗವಲ್ದು" ಅಂದಳು ಅಕ್ಕ. "ಕೊಳ್ಳಾಗ ಸವದು ಸವದು ಎಲ್ಲಾ ಒಂದ ಬಣ್ಣ ಆಗ್ಯಾವು."

ಗುರುತು ಹಿಡಿಯಬಲ್ಲವಳು ಒಬ್ಬಳೇ ಇದ್ದಳು, ಅವಳೇ ಇಲ್ಲ. ಅಕ್ಕ ಹೇಳಿದಳು:

"ಇರ್ಲಿ ಬಿಡು. ಯಾವುದಂತ ಗೊತ್ತಾಗದಿದ್ರ ಎಲ್ಲಾ ಆಕೀವ ಅಂದ್ಕೊಂಡು ಹಾಕ್ಕೋತೀನಿ."